ಮೆಟ್ಟಿಲ ತಿರುವಿನಲ್ಲಿ ಕಮೋಡು

"ತಲೆ ನೆಟ್ಟಗಿಟ್ಕಳೇ ಮುಂಡೆ. ಒಡ್ದೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?"

ಮೇಸ್ತ್ರಿ ಪಿಳ್ಳಪ್ಪ ಬಾಯಿ ಮಾಡಿದ್ದು ಮುನಿಯಕ್ಕನ ಮೇಲೆ. ಅವಳ ತಲೆಯ ಸಿಂಬೆಯ ಮೇಲೆ ಬಿಳಿ ಪಿಂಗಾಣಿಯ ಕಮೋಡು ಕೂತಿತ್ತು. ಎಂಬತ್ತಮೂರನೇ ಇಸವಿಯಲ್ಲಿ ಜೆ.ಪಿ. ನಗರದಲ್ಲಿ ಏಳುತ್ತಿದ್ದ ಆ ಮನೆಯ ಯಜಮಾನರು ಸಾರಕ್ಕಿಯ ಗಂಗಾಧರಯ್ಯನವರು. ಹೊಲವೆಲ್ಲ ಲೇಔಟಿಗೆ ಹೋದ ಮೇಲೆ ಕುರ್ಚಿ ಬಿಟ್ಟು ಎದ್ದವರಲ್ಲ, ಆದರೂ ಮಂಡಿ ನೋವಂತೆ. ಕುಕ್ಕರಗಾಲಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಈ ಇಂಗ್ಲಿಷ್ ಕಕ್ಕಸು ಬಂದಿತ್ತು. ಕೆಳಗೆ ಬರಲಿದ್ದ ಬಾಡಿಗೆಯವರ ತಲೆಯ ಮೇಲೆಯೇ ತಾವಿರಬೇಕೆಂಬ ಹಟಕ್ಕೆ ಅದು ಎರಡನೇ ಅಂತಸ್ತಿಗೆ ಏರುತ್ತಿತ್ತು.

ಮುನಿಯಕ್ಕನ ಮಂಡಿಗೂ ಒಬ್ಬ ಡಾಕ್ಟರಿದ್ದರು, ಧರ್ಮಾಸ್ಪತ್ರೆಯಲ್ಲಿ. ಇಪ್ಪತ್ತು ವರ್ಷ ಗಾರೆ, ಇಟ್ಟಿಗೆ ಹೊತ್ತು ಹತ್ತಿ ಮಂಡಿಯೊಳಗಿನ ಮೆತ್ತೆ ಸವೆದಿದೆ, ಮೂಳೆಗೆ ಮೂಳೆ ತಿಕ್ಕುತ್ತಿದೆ, ಇನ್ನು ಭಾರ ಹೊರಬೇಡ, ಮೆಟ್ಟಿಲು ಹತ್ತಬೇಡ, ಕೂತರೆ ಎತ್ತರದಲ್ಲೇ ಕೂರು ಎಂದಿದ್ದರು. ಅವಳಿಗೆ ನಗು ಬಂದಿತ್ತು. ಗುಡಿಸಲಲ್ಲಿ ಎತ್ತರವಿದ್ದದ್ದು ಒಲೆಯೊಂದೇ. ನೋವಿನ ಮಾತನ್ನು ಯಾರಿಗೂ ಹೇಳಲಿಲ್ಲ. ಕುಂಟಿದ ಆಳನ್ನು ಪಿಳ್ಳಪ್ಪ ಅವತ್ತೇ ಓಡಿಸುತ್ತಿದ್ದ. ಹೋದ ತಿಂಗಳು ಅಂಕಮ್ಮನನ್ನು ಹಾಗೇ ಕಳಿಸಿದ್ದ.

ಮೆಟ್ಟಿಲ ತಿರುವಿನಲ್ಲಿ ಬಲಮಂಡಿ ಕಟಕ್ಕೆಂದಿತು. ಕಾಲು ಮುಂದಕ್ಕೆ ಬರಲಿಲ್ಲ. ಕಮೋಡನ್ನು ಹೇಗೋ ಜೋಪಾನವಾಗಿ ಇಳಿಸಿದಳು. ನೆಲಕ್ಕೆ ಕೂತರೆ ಏಳಲಾಗದು. ಎತ್ತರದ್ದು ಅಲ್ಲಿ ಇನ್ನೇನಿತ್ತು? ಅದರ ಮೇಲೇ ಕೂತಳು. ಎಷ್ಟೋ ವರ್ಷದ ಮೇಲೆ ಮಂಡಿ ಸುಮ್ಮನಾಯಿತು. ಹಾಯೆನಿಸಿತು.

ಊರುಗೋಲು ಹಿಡಿದು ಹಿಂದೆಯೇ ಬಂದ ಗಂಗಾಧರಯ್ಯನವರ ಮುಖ ಕಪ್ಪಿಟ್ಟಿತು.

"ಥೂ, ಏಳೇ ಮೇಲಕ್ಕೆ. ನಾನೇ ಇನ್ನೂ ಕೂತಿಲ್ಲ, ಹೊಲಗೇರಿಯೋಳು ಕೂತು ಮೈಲಿಗೆ ಮಾಡ್ಬುಟ್ಯಲ್ಲೇ."

ತಲೆಯ ಮೇಲೆ ಹೊತ್ತಾಗ ಇಲ್ಲದ ಮೈಲಿಗೆ ಕೂತ ಕೂಡಲೇ ಬಂದುಬಿಟ್ಟಿತು. ಗೃಹಪ್ರವೇಶಕ್ಕೆ ಗಳಿಗೆ ನೋಡಲು ಬಂದಿದ್ದ ಪುರೋಹಿತರನ್ನು ಕೂಗಿದ್ದಾಯಿತು. ಬಾವಿಯ ಶುದ್ಧಿಗೆ ವಿಧಿಯುಂಟು, ಅಡಿಗೆಮನೆಗೂ ಉಂಟು, ಕಕ್ಕಸಿನ ಬಗ್ಗೆ ಎಲ್ಲೂ ಓದಿದ ನೆನಪಿಲ್ಲ ಎಂದು ಅವರು ತಲೆ ಕೆರೆದುಕೊಂಡರು. ಕೊನೆಗೆ ಪಂಚಗವ್ಯ ಚಿಮುಕಿಸಿದರಾದೀತು ಎಂದರು. ಸಗಣಿ, ಗಂಜಲ ಹಾಕಿ ಕಕ್ಕಸನ್ನು ಮಡಿ ಮಾಡುವುದೆಂದು ತೀರ್ಮಾನವಾಯಿತು. ಆದರೆ ಮೊದಲು ಅವಳು ಏಳಬೇಕಿತ್ತು.

"ಇವತ್ತಿಂದ ನಿಂಗೆ ಕೆಲ್ಸ ಇಲ್ಲ ಕಣೇ," ಎಂದ ಪಿಳ್ಳಪ್ಪ. "ಅದನ್ನ ಮೇಲಿಟ್ಬುಟ್ಟು ಹೊಂಟೋಗು."

ಕೆಲಸ ಹೋಗುವ ಭಯಕ್ಕೇ ಇಷ್ಟು ದಿನ ಹಲ್ಲು ಕಚ್ಚಿ ಹತ್ತಿದ್ದಳು. ಈಗ ಕೆಲಸವೇ ಹೋಗಿತ್ತು. ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಬಾಯಿಗೆ ಬಂತು.

"ಕೆಲ್ಸ ಇಲ್ಲ ಅಂದ್ಮೇಲೆ ನಾನ್ಯಾಕಣ್ಣ ಹೊರ್ಲಿ? ನಾನು ಏಳಕಿಲ್ಲ. ಬೇಕಾದ್ರೆ ನನ್ನೂ ಸೇರ್ಸಿ ಹೊತ್ಕಂಡೋಗಿ."

ಪಿಳ್ಳಪ್ಪ ಮೇಲಿದ್ದ ಆಳುಗಳನ್ನು ಕರೆದು, ಎತ್ತಿ ಎಂದ. ನಾಲ್ವರು ಇಳಿದು ಬಂದು ಅವಳನ್ನು ನೋಡಿದರು, ಯಜಮಾನರನ್ನು ನೋಡಿದರು. ಮೊದಲು ಅವರಲ್ಲೊಬ್ಬಳಾದ ರುದ್ರಮ್ಮ ಸಿಂಬೆ ಬಿಚ್ಚಿ ಕೊಡವಿ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಒಬ್ಬೊಬ್ಬರೇ ಕೂತರು. ಗಂಗಾಧರಯ್ಯನವರಿಗೆ ಮೇಲೆ ಹೋಗಲು ದಾರಿಯಿರಲಿಲ್ಲ, ಕೂರಲು ಎತ್ತರದ ಜಾಗವಿರಲಿಲ್ಲ. ಮಂಡಿ ಹಿಡಿದುಕೊಂಡು ನಿಂತೇ ಇದ್ದರು.