ಕಡಲಿಗೆ ಬೆನ್ನು ಹಾಕಿ ಕೂತವನು

ಚಟ್ಟದ ಬಿದಿರಿಗೆ ಕೈ ಹಾಕಿದ್ದ ಮೈದುನ ಚಿಕ್ಕಯ್ಯನ ತೋಳನ್ನು ಮೂಗಮ್ಮ ಹಿಡಿದುಕೊಂಡಳು.

“ಕಲ್ಲಿಕೋಟೆ ಬಸ್ಸು ಬರ್ಲಿ, ಚಿಕ್ಕಯ್ಯ.”

“ಎರಡ್ ಗಂಟೆ ಆಯ್ತು ಅತ್ಗೆ. ಯಾರ್ ಬತ್ತರೆ ಅಂತ ಕಾಯದು?”

“ಯಾರ್ ಬತ್ತರೆ ಅಂತ ನೋಡಕ್ಕೇ.”

ಅವಳ ಗಂಡ ಪುಟ್ಟಮಾದು ಇಪ್ಪತ್ತೈದು ವರ್ಷ, ಪ್ರತಿ ಅವರೆ ಕಾಲದಲ್ಲಿ, ಒಂದು ಚೀಲ ಕಾಯಿ ಹೊತ್ತು ಮೂರು ದಿನ ಕಲ್ಲಿಕೋಟೆಗೆ ಹೋಗಿಬರುತ್ತಿದ್ದ. ಅಲ್ಲೊಂದು ಸಂಸಾರ ಇದೆಯೆಂದು ಊರು ತೀರ್ಮಾನಿಸಿತ್ತು. ಅವರೆಕಾಯಿ ಸುಲಿಯೋಳು ಕೆಂಪಗವಳಾ, ಕಪ್ಪಗವಳಾ ಎಂದು ಸುಂದ್ರಮ್ಮ ನಲ್ಲಿಯ ಹತ್ತಿರ ಮುಖಕ್ಕೇ ಕೇಳಿದ್ದಳು. ಮೂಗಮ್ಮ ಮಾತ್ರ ಗಂಡನನ್ನು ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತಿತ್ತು. ನಿನ್ನೆ ಬೆಳಿಗ್ಗೆ ಅವನು ತೀರಿಹೋದ ಮೇಲೆ, ಪೆಟ್ಟಿಗೆಯಲ್ಲಿ ಸಿಕ್ಕ ವಿಳಾಸಕ್ಕೆ ಅವಳೇ ತಂತಿ ಕೊಡಿಸಿದ್ದಳು.

*

ಮದುವೆಯಾದ ಹೊಸದರಲ್ಲಿ ಅವನು ತಾನು ಮದುವೆಗೆ ಮುಂಚೆ ದುಡಿದ ಕಲ್ಲಿಕೋಟೆಯ ಕಡಲಸೇತುವೆಯ ಕತೆ ಹೇಳಿದ್ದ. ಹಡಗು ದಡಕ್ಕೆ ಬರುವುದಿಲ್ಲ, ದೂರದಲ್ಲೇ ನಿಲ್ಲುತ್ತದೆ. ಕಬ್ಬಿಣದ ಕಂಬಗಳ ಮೇಲೆ ಹಲಗೆ ಹಾಸಿದ ಸೇತುವೆ. ಅದರ ತುದಿಯಿಂದ ಶುಂಠಿ ಮೂಟೆಗಳನ್ನು ಕ್ರೇನಿನಲ್ಲಿ ದೋಣಿಗೆ ಇಳಿಸಬೇಕು. ಕ್ರೇನಿನ ಹಿಡಿ ತಿರುಗಿಸುವುದು ಅವನ ಕೆಲಸ.

“ಆಮೇಕೆ?”

“ಆಮೇಕೇನು, ಬಂದ್ಬುಟ್ಟೆ” ಎಂದು ಮಗ್ಗುಲಾಗಿದ್ದ.

*

ಬಸ್ಸಿನಿಂದ ಇಳಿದು ಬಂದವನು ಬಿಳಿ ಮುಂಡು ಉಟ್ಟ ಮುದುಕ, ಒಬ್ಬನೇ. ಮೂಗಮ್ಮ ಅವನ ಹಿಂದೆ ಹೆಂಗಸೊಬ್ಬಳನ್ನು ಹುಡುಕಿದಳು. ರಸ್ತೆ ಖಾಲಿ ಇತ್ತು. ಮುದುಕನ ಅಂಗಿಯ ಬಲತೋಳು ಒಳಗೆ ಕೈಯಿಲ್ಲದೆ ಜೋತಾಡುತ್ತಿತ್ತು.

ಹೆಸರು ಆಲಿಕೋಯ ಎಂದ. ಮಲಯಾಳ ಬೆರೆತ ಕನ್ನಡದಲ್ಲಿ, ಹೆಣದ ಪಕ್ಕ ಕೂತು, ಮಾದು ಕ್ರೇನು ತಿರುಗಿಸುವಾಗ ತಾನು ಕೆಳಗಿನ ದೋಣಿಯಲ್ಲಿದ್ದೆ ಎಂದು ಹೇಳಿದ. ಸೇತುವೆಗೆ ಬಂದು ಎಂಟು ತಿಂಗಳಾಗಿದ್ದರೂ ಮಾದುವಿಗೆ ಕಡಲು ನೋಡಿ ಮುಗಿದಿರಲಿಲ್ಲ. ಆ ದಿನವೂ ತಲೆಯೆತ್ತಿ ನೋಡಿದ. ಕೈಯಿಂದ ಹಿಡಿ ಜಾರಿತು. ಮೂಟೆಗಳು ಆಲಿಕೋಯನ ಬಲತೋಳಿನ ಮೇಲೆ ಬಿದ್ದವು.

“ಬರಬೇಡ ಅಂದೆ. ಪ್ರತಿ ವರ್ಷ ಬಂದ. ಮೂರು ದಿವಸ ನನಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸ್ತಿದ್ದ. ಈಗ ಅಲ್ಲಿ ಹಡಗಿಲ್ಲ, ಹಲಗೆ ಇಲ್ಲ, ತುಕ್ಕು ಹಿಡಿದ ಕಂಬ ಮಾತ್ರ. ಸಂಜೆ ಇಬ್ಬರೂ ಅಲ್ಲಿ ಕೂರೋದು. ಅವನು ಕಡಲಿಗೆ ಬೆನ್ನು ಹಾಕಿ ಕೂರ್ತಿದ್ದ.”

ಸುಂದ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮೂಗಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು.

“ನಂಗೊಂದ್ ಮಾತ್ ಯೋಳ್ಬೋದಾಗಿತ್ತು” ಎಂದಳು. ಆಮೇಲೆ ಚಿಕ್ಕಯ್ಯನ ಕಡೆ ತಿರುಗಿ, “ಎತ್ತಿ” ಎಂದಳು.

ಗುಂಡಿಗೆ ಇಳಿಸಿದ ಮೇಲೆ ನೆಂಟರು ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಆಲಿಕೋಯ ಕೊನೆಯಲ್ಲಿ ಬಗ್ಗಿ ಎಡಗೈಯಲ್ಲಿ ಹಿಡಿ ಮಣ್ಣು ತೆಗೆದುಕೊಂಡ. ಹಾಕಬಹುದೇ ಎಂಬಂತೆ ಚಿಕ್ಕಯ್ಯನ ಮುಖ ನೋಡಿದ.

ಮೂಗಮ್ಮ ಇನ್ನೂ ಹಾಕದೆ ಬಲಗೈಯಲ್ಲಿ ಹಿಡಿದಿದ್ದ ಮಣ್ಣನ್ನು ಎಡಗೈಗೆ ಬದಲಾಯಿಸಿಕೊಂಡು, ಗುಂಡಿಯ ಅಂಚಿನಲ್ಲಿ ಅವನ ಪಕ್ಕಕ್ಕೆ ಹೋಗಿ ನಿಂತಳು.