ಬೋಳು ಡಬ್ಬಗಳು

"ಕುಡೀಬೇಡಿ, ಕೆಳಗಿಡಿ," ಎನ್ನುತ್ತ ಡೈಲಾಗ್ ತನ್ನ ದೊಡ್ಡಪ್ಪನ ಕೈಯಿಂದ ಟೀ ಕಪ್ಪನ್ನು ಕಿತ್ತುಕೊಂಡ. ಬಿಸಿ ಟೀ ಅವರ ಮಣಿಕಟ್ಟಿನ ಮೇಲೆ ಚೆಲ್ಲಿತು.

ದೊಡ್ಡಪ್ಪ ಕೈ ಒದರಿಕೊಂಡು ಅವನನ್ನೇ ದಿಟ್ಟಿಸಿದರು. ಮುಂದಿನ ಕೋಣೆಯಲ್ಲಿ ತಮ್ಮನ ಹೆಂಡತಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಾಳೆ, ಶವದ ಗಾಡಿ ಇನ್ನೇನು ಬರಬೇಕು, ಇಲ್ಲಿ ನೋಡಿದರೆ ಅವಳ ಕಿರಿಮಗ ನೆಂಟರ ಬಾಯಿಯ ಹತ್ತಿರ ಹೋದ ಕಪ್ಪಿಗೆ ಕೈ ಹಾಕುತ್ತಿದ್ದಾನೆ.

"ಇವತ್ತೊಂದಿನ ನಿನ್ನ ಸಿನಿಮಾಕ್ಕೆ ರಜಾ ಕೊಡೋ. ಹೋಗಿರೋಳು ನಿನ್ನ ತಾಯಿ."

"ಸಿನಿಮಾ ಅಲ್ಲ ದೊಡ್ಡಪ್ಪ. ಟೀನಲ್ಲಿ ವಿಷ ಇರಬಹುದು."

ಯಾರೂ ಬೆಚ್ಚಲಿಲ್ಲ. ಪಕ್ಕದ ಮನೆಯಾಕೆ ಕಪ್ಪು ಊದುವುದನ್ನೂ ನಿಲ್ಲಿಸಲಿಲ್ಲ.

ನಂಬುವುದಾದರೂ ಹೇಗೆ? ಅಣ್ಣನ ಮದುವೆಯ ದಿನ ಬಾಗಿಲಲ್ಲಿ ಕಾಲು ಅಗಲಿಸಿ ನಿಂತು "ನಿಲ್ಲಿಸಿ, ಈ ಮದುವೆ ನಡೆಯಕೂಡದು" ಎಂದು ಗುಡುಗಿದವನು ಇವನೇ. ಅತ್ತಿಗೆಯ ತಾಯಿ ಕುಸಿದು ಕೂತು, ಮುಖಕ್ಕೆ ನೀರು ಚಿಮುಕಿಸಬೇಕಾಗಿ ಬಂದಿತ್ತು. ಅಷ್ಟಾದ ಮೇಲೆ ಇವನು, "ಊಟಕ್ಕೆ ಮುಂಚೆ ಐಸ್‌ಕ್ರೀಮ್ ಕೊಟ್ರೆ ನಡೆಯಬಹುದು" ಅಂದಿದ್ದ. ಮನೆಯವರೆಲ್ಲ ಅವನ ಹೆಸರು ಮರೆತು ಡೈಲಾಗ್ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಪಕ್ಕದ ಮನೆಯಾಕೆ ಕಪ್ಪನ್ನು ತುಟಿಗೆ ತಂದರು. ಅವನಿಗೆ ಬೇರೆ ದಾರಿ ಕಾಣಲಿಲ್ಲ. ಕೈ ಬೀಸಿ ಆ ಕಪ್ಪನ್ನು ಹಾರಿಸಿದ, ಮೇಜಿನ ಮೇಲಿದ್ದ ದೊಡ್ಡ ಪಾತ್ರೆಯನ್ನೂ ಉರುಳಿಸಿದ. ಟೀ ನೆಲದ ಮೇಲೆ ಹರಿಯುತ್ತ ಬಾಗಿಲವರೆಗೆ ಹೋಯಿತು. ಅಣ್ಣ ಓಡಿಬಂದವನೇ ಕೆನ್ನೆಗೆ ಬಾರಿಸಿದ.

ಏಟು ಬಿದ್ದ ಮೇಲೂ ಅವನು ಯಾವ ಡೈಲಾಗೂ ಹೊಡೆಯಲಿಲ್ಲ. ಅದನ್ನು ಗಮನಿಸಿದ್ದು ಅತ್ತಿಗೆ ಒಬ್ಬಳೇ. ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ಏನಾಯ್ತು ಹೇಳು. ಆ ಟೀ ಮಾಡಿದ್ದು ನಾನು."

"ಮೂಲೆ ಅಂಗಡಿ ಅಕ್ಕ ಈಗ ಬಂದು ಹೋದ್ರಲ್ಲ. 'ನಿಮ್ಮಮ್ಮ ಮೊನ್ನೆ ತಾನೇ ಬಂದು ಇಲಿ ಪಾಷಾಣ ತಗೊಂಡು ಹೋಗಿದ್ರು, ಪಾಪ' ಅಂದ್ರು. ಅದೂ ಅವರಂಗಡಿಯ ಅದೇ ಬಿಳಿ ಡಬ್ಬದಲ್ಲಿ ಬರುತ್ತಂತೆ ಅತ್ತಿಗೆ. ಪುಡಿ. ಅದರ ಲೇಬಲ್ಲಿಗೂ ರಿಯಾಯಿತಿ ಇದೆಯಂತೆ."

ಅತ್ತಿಗೆಯ ಕಣ್ಣು ಒಲೆಯ ಪಕ್ಕದಲ್ಲಿದ್ದ ಡಬ್ಬದ ಕಡೆ ಹೋಯಿತು. ಬಿಳಿ ಡಬ್ಬ. ಒಳಗೆ ಬಿಳಿ ಪುಡಿ. ಮೈಮೇಲೆ ಒಂದಕ್ಷರವಿಲ್ಲ.

"ಹಾಲಿನ ಪುಡಿ ಅಂದ್ಕೊಂಡೆ ಕಣೋ," ಅಂದಳು.

*

ಮೂಲೆ ಅಂಗಡಿಯಲ್ಲಿ ಎಲ್ಲವೂ ಒಂದೇ ಅಳತೆಯ ಬಿಳಿ ಡಬ್ಬದಲ್ಲಿ ಬರುತ್ತಿತ್ತು. ಹಾಲಿನ ಪುಡಿ, ಸಕ್ಕರೆ, ಮೈದಾ, ಬಟ್ಟೆ ಸೋಡಾ. ಇದು ಇದೇ ಎಂದು ಹೇಳುತ್ತಿದ್ದುದು ಲೇಬಲ್ಲು ಮಾತ್ರ, ಮತ್ತು ಆ ಲೇಬಲ್ಲೇ ಕೂಪನ್ನು. ಹರಿಯದಂತೆ ಬಿಡಿಸಿ ತಂದುಕೊಟ್ಟರೆ ಮುಂದಿನ ಸಾಮಾನಿಗೆ ಬೆಲೆ ಇಳಿಸುತ್ತಿದ್ದರು. ಹಾಗಾಗಿ ಡಬ್ಬ ಮನೆಗೆ ಬಂದ ಗಳಿಗೆಯಲ್ಲೇ ಅಮ್ಮ ಅದನ್ನು ಕೆಟಲಿನ ಹಬೆಗೆ ಹಿಡಿದು, ಬಾಳೆಹಣ್ಣಿನ ಸಿಪ್ಪೆಯಂತೆ ಲೇಬಲ್ಲು ಸುಲಿಯುತ್ತಿದ್ದಳು. ಅಪ್ಪನ ಕಾರ್ಖಾನೆ ಮುಚ್ಚಿದ್ದ ಕಾಲದಲ್ಲಿ ಎರಡು ಗಂಡುಮಕ್ಕಳ ಹೊಟ್ಟೆ ತುಂಬಿದ್ದು ಆ ಹಬೆಯ ಮೇಲೆಯೇ.

ಯಾವುದು ಯಾವುದೆಂದು ಅವಳಿಗೆ ಕಿವಿಯಿಂದಲೇ ಗೊತ್ತು. ಡಬ್ಬವನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ, "ಸೋಡಾ" ಎಂದು ಪಕ್ಕಕ್ಕಿಡುವಳು. ಒಂದು ದಿನ ಡೈಲಾಗ್ ಸಕ್ಕರೆಯ ಜಾಗದಲ್ಲಿ ಉಪ್ಪಿನ ಡಬ್ಬ ಇಟ್ಟು, ಬಾಗಿಲ ಸಂದಿಯಿಂದ ನೋಡುತ್ತ ನಿಂತ. ಅಮ್ಮ ಡಬ್ಬ ಅಲ್ಲಾಡಿಸಿದಳು. ತಿರುಗಿಯೂ ನೋಡದೆ ಹೇಳಿದಳು: "ಈ ಪಿಕ್ಚರಿಗೆ ಡೈರೆಕ್ಟರು ನಾನು ಮಗನೇ. ನಿಂದು ಗುಂಪಲ್ಲಿ ಗೋವಿಂದನ ಪಾರ್ಟು."

ಇನ್ನೊಮ್ಮೆ ಬಾಯಿ ತುಂಬ ಸೋಪಿನ ನೊರೆ ಇಟ್ಟುಕೊಂಡು, ವಿಷ ಕುಡಿದವನ ಹಾಗೆ ಇದೇ ನೆಲದ ಮೇಲೆ ಒದ್ದಾಡಿದ್ದ. "ಅಮ್ಮಾ, ನನ್ನ ಕಥೆ ಇಲ್ಲಿಗೆ ಮುಗೀತು." ಅಮ್ಮ ಅವನನ್ನು ದಾಟಿಕೊಂಡು ಹೋಗಿ, "ಸಾಯೋದಾದ್ರೆ ಬೇಗ ಸಾಯಿ, ಸೋಪು ಕರಗ್ತಿದೆ" ಅಂದಿದ್ದಳು. ಆಮೇಲೆ ಅವನ ಬಾಯಿ ತೊಳೆಸುವಾಗ ಅವಳ ಕೈ ನಡುಗುತ್ತಿತ್ತು. ಅವನು ಅದನ್ನು ನೋಡಿದ್ದ, ಯಾರಿಗೂ ಹೇಳಿರಲಿಲ್ಲ.

*

"ಯಾರಾದ್ರೂ ಆಗ್ಲೇ ಕುಡಿದಿದಾರಾ ಅತ್ತಿಗೆ?"

ಅತ್ತಿಗೆ ಫೋನಿಗೆ ಕೈ ಹಾಕಿದಳು. "ಮಾವ. ಮೊದಲ ಕಪ್ಪು ಅವರಿಗೇ ಕೊಟ್ಟೆ. ಬೇಡ ಅಂದ್ರು. ಬಲವಂತ ಮಾಡಿ ಕುಡಿಸಿದೆ."

ಅವನ ತಲೆಯೊಳಗೆ ಇನ್ನೊಂದು ಯೋಚನೆ ಹೊಕ್ಕಿತು, ಬೇಡವೆಂದರೂ. ನಿನ್ನೆ ಅಮ್ಮ ಬಿದ್ದದ್ದೂ ಟೀ ಕಪ್ಪು ಹಿಡಿದುಕೊಂಡೇ. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು. ಯಾಕೆ ನಿಂತಿತು ಎಂದು ಯಾರೂ ಕೇಳಲಿಲ್ಲ. ಇತ್ತೀಚೆಗೆ ಅಮ್ಮನ ಕಿವಿ ಮಂದವಾಗಿತ್ತು.

ಅತ್ತಿಗೆ ಆಸ್ಪತ್ರೆಗೆ ಫೋನು ಮಾಡತೊಡಗಿದಳು. ಅವನು ಮುಂದಿನ ಕೋಣೆಗೆ ಓಡಿದ.

ಅಪ್ಪ ಅಮ್ಮನ ತಲೆಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಣೆಯ ಮೇಲೆ ಬೆವರು. ಖಾಲಿ ಕಪ್ಪು ಕಾಲ ಹತ್ತಿರ.

"ಅಪ್ಪಾ, ಟೀ ಹೇಗಿತ್ತು?"

"ಒಂಥರಾ ಇತ್ತು. ಅವಳು ಮಾಡ್ದಂಗಿರ್ಲಿಲ್ಲ."

"ಹೊಟ್ಟೆ ನೋಯ್ತಿದೆಯಾ?"

"ಎಲ್ಲಾ ನೋಯ್ತಿದೆ ಕಣೋ."

ಸಿನಿಮಾದಲ್ಲಾದರೆ ಸುಲಭ. ಒಂದು ಕೆಮ್ಮು, ತುಟಿಯ ಅಂಚಲ್ಲಿ ಒಂದು ಗೆರೆ ರಕ್ತ, ಹಿಂದೆ ಪಿಟೀಲು. ಕೊನೆಯ ಸಾಲಿನಲ್ಲಿ ಕೂತವನಿಗೂ ತಿಳಿಯುತ್ತದೆ. ಅಪ್ಪನ ಮುಖದಲ್ಲಿ ದುಃಖ ಯಾವುದು, ವಿಷ ಯಾವುದು ಎಂದು ಅವನಿಗೆ ಬಿಡಿಸಲು ಬರಲಿಲ್ಲ.

"ಏಳಿ ಅಪ್ಪಾ, ಆಸ್ಪತ್ರೆಗೆ ಹೋಗಿ ಬಂದುಬಿಡೋಣ."

"ಇವಳನ್ನ ಬಿಟ್ಟಾ?" ಅಪ್ಪ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಇವಳನ್ನ ಕಳಿಸಿದ ಮೇಲೆ ಎಲ್ಲಿಗೆ ಬೇಕಾದ್ರೂ ಕರಕೊಂಡು ಹೋಗು."

ಅಡುಗೆಮನೆಯಲ್ಲಿ ಫೋನು ಮೇಜಿನ ಮೇಲಿತ್ತು. ನರ್ಸಿನ ದನಿ ಜೋರಾಗಿ ಕೇಳುತ್ತಿತ್ತು. ಅಣ್ಣ ಪಕ್ಕದಲ್ಲಿ ನಿಂತಿದ್ದ, ಮುಖ ಸುಣ್ಣದ ಗೋಡೆ.

"ಆಂಬುಲೆನ್ಸ್ ಹೊರಟಿದೆ. ಯಾವ ವಿಷ ಅಂತ ಗೊತ್ತಾಗ್ಬೇಕಮ್ಮ, ಒಂದೊಂದಕ್ಕೆ ಒಂದೊಂದು ಔಷಧಿ. ಡಬ್ಬದ ಮೇಲೆ ಏನ್ ಬರ್ದಿದೆ ಓದಿ."

"ಏನೂ ಬರ್ದಿಲ್ಲ ಸಿಸ್ಟರ್."

"ಹೆಸರಿಲ್ದೆ ಯಾರು ವಿಷ ಮಾರ್ತಾರೆ?"

"ಹೆಸರಿತ್ತು. ನಮ್ಮತ್ತೆ ಕಿತ್ತಿರ್ತಾರೆ."

ಅಷ್ಟು ಹೊತ್ತಿಗೆ ದೊಡ್ಡಪ್ಪನಿಗೂ ಇದು ನಾಟಕವಲ್ಲವೆಂದು ಹೊಳೆದಿತ್ತು. ಅಂಗಡಿ ಅಕ್ಕನನ್ನು ಹುಡುಕಿಕೊಂಡು ಬೀದಿಗೆ ಓಡಿದರು. ಅಣ್ಣ ಸಾಮಾನಿನ ಕಪಾಟು ತೆರೆದು ಡಬ್ಬಗಳನ್ನು ಇಳಿಸತೊಡಗಿದ. ಒಂದರ ಹಿಂದೆ ಒಂದು, ಒಂದರ ಮೇಲೆ ಒಂದು, ಎಲ್ಲವೂ ಬೋಳು. ನೆಲ ತುಂಬಿತು. ಕಾಲಿಡಲು ಜಾಗವಿಲ್ಲದಾಯಿತು.

"ನೀನು ಅಲ್ಲಾಡಿಸಿ ನೋಡೋ," ಅಣ್ಣ ಅಂದ. "ಅಮ್ಮನ ಹಿಂದೆ ಹಿಂದೆ ಸುತ್ತುತಿದ್ದೋನು ನೀನೇ ಅಲ್ವಾ."

ಡೈಲಾಗ್ ಒಂದನ್ನು ಕಿವಿಗೆ ಹಿಡಿದ. ಸರ್ ಎಂದಿತು. ಇನ್ನೊಂದನ್ನು ಹಿಡಿದ. ಅದೂ ಸರ್ ಎಂದಿತು. ಅಮ್ಮನಿಗೆ ಕೇಳಿಸುತ್ತಿದ್ದುದು ಅವನಿಗೆ ಕೇಳಿಸಲಿಲ್ಲ. ಒಲೆಯ ಪಕ್ಕದ ಡಬ್ಬಕ್ಕೆ ಬೆರಳು ಅದ್ದಿ ನಾಲಿಗೆಗೆ ತಂದ. ಅತ್ತಿಗೆ ಕೈಗೆ ಹೊಡೆದಳು. "ಒಂದೇ ಮನೇಲಿ ಎಷ್ಟು ಜನಾನ ಎತ್ತಬೇಕು ಅಂತಿದೀಯ?"

ಹೊರಗೆ ಒಂದು ಗಾಡಿ ಬಂದು ನಿಂತ ಸದ್ದಾಯಿತು. ಅಮ್ಮನಿಗೆ ಬಂದದ್ದೋ, ಅಪ್ಪನಿಗೆ ಬಂದದ್ದೋ. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಡೈಲಾಗ್ ಸ್ಟೂಲು ಹತ್ತಿದ. ಕಪಾಟಿನ ನೆತ್ತಿಯ ಮೇಲೆ ಹಳೆಯ ಪತ್ರಿಕೆಗಳ ಕಟ್ಟು, ಅದರ ಹಿಂದೆ ಗೋಡೆಗೆ ಒತ್ತಿಕೊಂಡಂತೆ ಏನೋ ದುಂಡಗಿನದು. ಬೆರಳ ತುದಿಗೆ ಮಾತ್ರ ಎಟಕುತ್ತಿತ್ತು. ಉರುಳಿಸಿ ಉರುಳಿಸಿ ಹತ್ತಿರಕ್ಕೆ ತಂದ. ಡಬ್ಬ ತುಂಬಿ ಭಾರವಾಗಿತ್ತು.

"ಹಲೋ, ಹೆಸರು ಸಿಕ್ತಾ?" ಫೋನಿನಿಂದ ನರ್ಸು ಕೇಳುತ್ತಿದ್ದಳು. "ಹಲೋ?"

ಅವನು ಅದನ್ನು ಬೆಳಕಿಗೆ ಹಿಡಿದ. ಮುಚ್ಚಳದ ಸುತ್ತ ಕಾರ್ಖಾನೆಯ ಸೀಲು ಒಂದೆಳೆಯೂ ಹರಿದಿರಲಿಲ್ಲ. ಅದರ ಕೆಳಗೆ ಕೆಂಪು ಬಣ್ಣ, ತಲೆಬುರುಡೆ, ದಪ್ಪ ಅಕ್ಷರದಲ್ಲಿ ಹೆಸರು. ಆ ಮನೆಯಲ್ಲಿ ಲೇಬಲ್ಲು ಹೊತ್ತು ನಿಂತಿದ್ದ ಒಂದೇ ಒಂದು ಡಬ್ಬ. ಅಣ್ಣ ಡಬ್ಬಗಳ ನಡುವೆಯೇ ನೆಲದ ಮೇಲೆ ಕೂತುಬಿಟ್ಟ.

ಲೇಬಲ್ಲಿನ ಒಂದು ಮೂಲೆ ಹಬೆಗೆ ಮೆತ್ತಗಾಗಿ ಸುಕ್ಕುಗಟ್ಟಿತ್ತು. ಉಗುರು ಹಾಕಿ ಎಬ್ಬಿಸಿದ ಗುರುತು ಇತ್ತು. ಆಮೇಲೆ ಆ ಮೂಲೆಯನ್ನು ಮತ್ತೆ ಒತ್ತಿ ಕೂರಿಸಿ, ಅದರ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರು ಅಂಟಿಸಲಾಗಿತ್ತು. ಅದು ಸಾಲದೆಂದು ಅಡ್ಡಕ್ಕೆ ಇನ್ನೊಂದು.