ಮಲ್ಲಿನಾಳದ ಗೇಟು

ಮಲ್ಲಿನಾಳಕ್ಕೆ ಈಗ ರೈಲಿಲ್ಲ. ಬ್ರಾಡ್‌ಗೇಜು ಮಾಡುವಾಗ ದಾರಿಯನ್ನು ಗುಡ್ಡದಾಚೆಗೆ ಒಯ್ದರು, ಇಲ್ಲಿಯ ಹಳಿ ಕಿತ್ತರು, ಊರನ್ನೇ ಮರೆತರು. ಶೇಂಗಾ ಚೀಲ ಏರಿಸುತ್ತಿದ್ದ ಸ್ಟೇಷನ್ನಿನಲ್ಲಿ ಯಾರೋ ಜೋಳದ ಕಣಿಕೆ ಒಟ್ಟಿದ್ದಾರೆ. ಆದರೂ ಗೇಟಿದ್ದ ಜಾಗಕ್ಕೆ ಬಂದರೆ ಟ್ರ್ಯಾಕ್ಟರಿನವನೂ ನಿಲ್ಲುತ್ತಾನೆ. ಸತ್ತುಹೋದ ಗೇಟ್‌ಮನ್ ಜಲಾಲುದ್ದೀನನ ಹೆಂಡತಿ, ಮುದುಕಿ ಅಲೀಮಾ, ಪಕ್ಕದ ಮನೆಯಿಂದ ಹೊರಬಂದು ‘ಗಾಡಿ ಹೋತು, ದಾಟ್ರಿ’ ಅಂದ ಮೇಲೆಯೇ ಮುಂದಿನ ಮಾತು. ಪರ ಊರಿನವರು ನಗುತ್ತಾರೆ. ನಗಲಿ, ನಿಂತರೆ ಯಾರಪ್ಪನ ಗಂಟು ಹೋಗುತ್ತದೆ ಎಂಬುದು ಟಂಟಂ ಆಟೋ ಓಡಿಸುವ ದೇವಪ್ಪನ ವಾದ.

ಆದರೆ ಆ ಮಧ್ಯಾಹ್ನ ನಿಲ್ಲಲು ಪುರಸೊತ್ತಿರಲಿಲ್ಲ. ಅವನ ಟಂಟಂನ ಹಿಂದಿನ ಸೀಟಿನಲ್ಲಿ ಅಲೀಮಾಳ ಮೊಮ್ಮಗಳು ಫರಹಾನಾ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದಳು, ರಕ್ತ ನಿಲ್ಲುತ್ತಿರಲಿಲ್ಲ. ಬಾಗಲಕೋಟೆಯ ದವಾಖಾನೆ ಬೇಗ ಮುಟ್ಟದಿದ್ದರೆ ಅವಳ ಕತೆ ಮುಗಿದಂತೆಯೇ. ಅವಳ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ ಅಲೀಮಾ ಗೇಟಿನ ಹತ್ತಿರ ನಿಲ್ಲಿಸಲು ಹೇಳಿದಳು. ಇಳಿದು, ಹಿಂದೆ ಗಾಡಿ ಬರುತ್ತಿದ್ದ ಬಾದಾಮಿ ಕಡೆ ನೋಡಿದಳು.

‘ಇನ್ನೂ ಹೋಗಿಲ್ಲ,’ ಅಂದಳು.

ದೇವಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ಹೆದರಿಕೆಯೂ ಬಂತು. ಈ ಫರಹಾನಾ ಹುಟ್ಟಿದ್ದೇ ಇಲ್ಲಿ, ಮುಚ್ಚಿದ ಗೇಟಿನ ಮುಂದೆ, ಎತ್ತಿನ ಬಂಡಿಯಲ್ಲಿ. ತಡವಾದ ಗೂಡ್ಸ್ ಗಾಡಿಗೆ ಕಾಯುತ್ತ ಜಲಾಲುದ್ದೀನ ಸ್ವಂತ ಸೊಸೆಗೂ ಗೇಟು ತೆಗೆಯಲಿಲ್ಲ, ನಿಯಮ ಅಂದರೆ ನಿಯಮ. ಗಾಡಿ ಬರುವುದರೊಳಗೆ ಸೊಸೆಯ ಜೀವ ಹೋಗಿತ್ತು.

ಹಳಿಯಿಲ್ಲದ ದಿಬ್ಬದ ಮೇಲೆ ಉಳಿದಿದ್ದ ಜಲ್ಲಿಕಲ್ಲುಗಳು ಸಣ್ಣಗೆ ಕಟಕಟ ಅನ್ನತೊಡಗಿದವು. ಗಾಳಿಯ ಸುಳಿವಿರಲಿಲ್ಲ.

ಅಲೀಮಾ ದಿಬ್ಬ ಹತ್ತಿ ನಡುವೆ ನಿಂತಳು. ಉಟ್ಟ ಇಲಕಲ್ಲ ಸೀರೆಯ ಕೆಂಪು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು.

‘ಆವತ್ತ ಅವರು ಗಾಡಿಗೆ ದಾರಿ ಕೊಟ್ರು. ಇವತ್ತ ನಾ ಕೊಡೂದಿಲ್ಲ. ನೀ ಹೊಡಿ, ದೇವಪ್ಪ.’

ಅವನು ಕಣ್ಣು ಮುಚ್ಚಿಕೊಂಡೇ ಹೊಡೆದ. ದಾಟುವಾಗ ಬಲಗಡೆಯ ಕಿವಿಗೆ ಬಿಸಿ ಉಗಿ ತಾಗಿತು, ಸುಟ್ಟ ಎಣ್ಣೆಯ ವಾಸನೆ ಬಂತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಹೊತ್ತು ಇಳಿಯುವಾಗ ಮರಳಿ ಬಂದ. ಮುದುಕಿ ಅದೇ ಜಾಗದಲ್ಲಿ, ಅದೇ ರೀತಿ ಸೆರಗು ಹಿಡಿದು ನಿಂತಿದ್ದಳು. ಸೆರಗು ಯಾರೋ ಊದಿದ ಹಾಗೆ ಅವಳ ಮೈಗೆ ಅಂಟಿತ್ತು.

‘ಆಯಿ, ಹೆಣ್ಣು ಕೂಸು. ಇಬ್ರೂ ಆರಾಮ ಅದಾರ.’

ಅಲೀಮಾ ಕಣ್ಣೊರೆಸಿಕೊಂಡಳು. ಸೆರಗು ಹೆಗಲಿಗೆ ಹಾಕಿಕೊಂಡು ದಿಬ್ಬದಿಂದ ಇಳಿದು ಬದಿಗೆ ನಿಂತಳು. ದಿಬ್ಬದ ಮೇಲಿನ ಜಾಲಿಗಿಡಗಳು ಬಾದಾಮಿ ಕಡೆಯಿಂದ ಒಂದೊಂದಾಗಿ ಬಾಗಿದವು, ಬಹಳ ಹೊತ್ತು ಬಾಗಿಯೇ ಇದ್ದವು, ಕೊನೆಗೆ ನೆಟ್ಟಗಾದವು.

ಆಮೇಲೆ ಅವಳು ಊರಿನ ಕಡೆಯ ಖಾಲಿ ರಸ್ತೆಗೆ ಮುಖ ಮಾಡಿದಳು. ದನಿ ಒಡೆದಿತ್ತು.

‘ಗಾಡಿ ಹೋತವ್ವಾ. ದಾಟ್ರಿ.’

ಧೂಳಿನಲ್ಲಿ ಎತ್ತಿನ ಕೊರಳ ಗೆಜ್ಜೆ ಅಲುಗಿತು. ಗಾಲಿಯ ಸಪ್ಪಳ ದಿಬ್ಬ ಹತ್ತಿ, ಇಳಿದು, ದವಾಖಾನೆಯ ದಾರಿ ಹಿಡಿದು ಹತ್ತಿರ ಬಂತು. ದೇವಪ್ಪ ಟಂಟಂ ಬದಿಗೆ ಸರಿಸಿ ದಾರಿ ಬಿಟ್ಟ.